ಸಿಡ್ನಿ ಪ್ವಾಟಿಯೆ: ಒಪ್ಪಿದ ಪಾತ್ರ, ಒಲ್ಲೆನೆಂದ ಪಾತ್ರ

ಹಾಲಿವುಡ್‌ನ ಕರಿಯ ನಟ ಸಿಡ್ನಿ ಪ್ವಾಟಿಯೆ ಬಗ್ಗೆ ಓದುವಾಗ ಪ್ರಶಸ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಹೆಚ್ಚೇನೂ ದಕ್ಕುವುದಿಲ್ಲ. ಯಾವ ಪಾತ್ರಕ್ಕೆ ಒಲ್ಲೆ ಎಂದರು, ಒಪ್ಪಿಕೊಂಡದ್ದಕ್ಕೆ ಏನು ಷರತ್ತು ಹಾಕಿದರು ಎಂಬ ಎರಡು ಪ್ರಶ್ನೆ ಹಿಡಿದು ಹೊರಡಿ. ಆಗ ಆ ಕಾಲದ ಹಾಲಿವುಡ್ ಕೂಡ ಅರ್ಥವಾಗುತ್ತದೆ.

ಮೊದಲು ಹುಟ್ಟಿನ ವಿಷಯ, ಏಕೆಂದರೆ ಇಲ್ಲೇ ಹಲವರು ಎಡವುತ್ತಾರೆ. ತಂದೆತಾಯಿ ಬಹಾಮಾಸ್‌ನ ಕ್ಯಾಟ್ ದ್ವೀಪದ ಟೊಮೆಟೊ ಬೆಳೆಗಾರರು. ಬೆಳೆ ಮಾರಲು ಮಯಾಮಿಗೆ ಬಂದಿದ್ದಾಗ, 1927ರ ಫೆಬ್ರವರಿ 20ರಂದು, ದಿನ ತುಂಬುವ ಮೊದಲೇ ಮಗು ಹುಟ್ಟಿತು. ಹಾಗಾಗಿ ಹುಟ್ಟಿನಿಂದಲೇ ಅಮೆರಿಕದ ಪೌರತ್ವ, ಬೆಳೆದದ್ದು ಮಾತ್ರ ಬಹಾಮಾಸ್‌ನಲ್ಲಿ. ಕರಿಯರೇ ಬಹುಸಂಖ್ಯಾತರಾಗಿದ್ದ ನೆಲದಲ್ಲಿ ಬೆಳೆದ ಹುಡುಗ 15ನೇ ವಯಸ್ಸಿಗೆ ಫ್ಲಾರಿಡಾಕ್ಕೆ ಬಂದಾಗ ಅಲ್ಲಿನ ವರ್ಣಭೇದ ಅವನಿಗೆ ಹೊಸದು; ಅದಕ್ಕೆ ತಲೆಬಾಗಿ ಅಭ್ಯಾಸವಿರಲಿಲ್ಲ. ಮುಂದಿನ ನಟನೆಗೂ ಇದಕ್ಕೂ ನೇರ ನಂಟಿದೆ.

ನ್ಯೂಯಾರ್ಕ್‌ನಲ್ಲಿ ಹೋಟೆಲ್ ಪಾತ್ರೆ ತೊಳೆಯುತ್ತಿದ್ದವರನ್ನು ಪಾತ್ರ ಕೇಳಲು ಹೋದಾಗ ಹಾರ್ಲೆಮ್‌ನ ಕರಿಯರ ನಾಟಕ ತಂಡ ಅಮೆರಿಕನ್ ನೀಗ್ರೋ ಥಿಯೇಟರ್ ಮೊದಲ ಸಲ ವಾಪಸ್ ಕಳಿಸಿತು. ಓದು ತಡವರಿಸುತ್ತಿತ್ತು, ಮಾತಿನಲ್ಲಿ ದ್ವೀಪದ ರಾಗ ದಟ್ಟವಾಗಿತ್ತು. ರೇಡಿಯೊ ನಿರೂಪಕರನ್ನು ಅನುಕರಿಸುತ್ತ ಉಚ್ಚಾರ ತಿದ್ದಿಕೊಂಡರು. ಜೊತೆಗಿದ್ದ ಹಿರಿಯ ಯಹೂದಿ ಮಾಣಿಯೊಬ್ಬರು ಪಕ್ಕದಲ್ಲಿ ಕೂತು ಪತ್ರಿಕೆ ಓದಲು ಕಲಿಸಿದರು. ನಂತರ ರಂಗಮಂದಿರದ ಕಸ ಗುಡಿಸುವುದಕ್ಕೆ ಪ್ರತಿಯಾಗಿ ಪಾಠ ಹೇಳಿಸಿಕೊಂಡರು.

1950ರ 'ನೋ ವೇ ಔಟ್' ಚಿತ್ರದಲ್ಲಿ ವೈದ್ಯನ ಪಾತ್ರ ಸಿಕ್ಕಿತು. ಕರಿಯ ನಟರಿಗೆ ಹೆಚ್ಚಾಗಿ ಆಳುಕಾಳಿನ ಪಾತ್ರಗಳೇ ಸಿಗುತ್ತಿದ್ದ ಕಾಲವದು. ಅದಕ್ಕಿಂತ ಮುಖ್ಯ, ಕೆಲ ವರ್ಷಗಳ ನಂತರದ ಒಂದು ನಿರಾಕರಣೆ. ದುಷ್ಟರು ಮಗಳನ್ನು ಕೊಂದು ಅಂಗಳಕ್ಕೆ ಎಸೆದರೂ ತುಟಿ ಬಿಚ್ಚದ ತಂದೆಯ ಪಾತ್ರ, ಸಂಬಳ ವಾರಕ್ಕೆ 750 ಡಾಲರ್. ತನ್ನ ತಂದೆ ಹಾಗೆ ಸುಮ್ಮನಿರುತ್ತಿರಲಿಲ್ಲ ಎಂಬ ಕಾರಣಕ್ಕೆ ಬೇಡವೆಂದರು. ಆಗ ಮನೆಯಲ್ಲಿ ಹೆರಿಗೆ ಖರ್ಚಿಗೂ ಕಾಸಿಲ್ಲ. ಪೀಠೋಪಕರಣ ಒತ್ತೆಯಿಟ್ಟು 75 ಡಾಲರ್ ಸಾಲ ತಂದರೆಂದು ಆತ್ಮಕಥನದಲ್ಲಿ ಬರೆದಿದ್ದಾರೆ. ಆ ಪಾತ್ರ ತಂದಿದ್ದ ಏಜೆಂಟ್ ಮಾರ್ಟಿನ್ ಬಾಮ್, ಈ ನಿರಾಕರಣೆ ನೋಡಿಯೇ ಅವರನ್ನು ತಮ್ಮ ಕಕ್ಷಿದಾರರನ್ನಾಗಿ ಮಾಡಿಕೊಂಡರು.

ಆಸ್ಕರ್ ಬಗ್ಗೆ ಬರೆಯುವಾಗ ಪದ ನೋಡಿ ಬಳಸಿ. 'ಲಿಲೀಸ್ ಆಫ್ ದ ಫೀಲ್ಡ್'ಗಾಗಿ 1964ರ ಏಪ್ರಿಲ್ 13ರಂದು ಬಂದದ್ದು ಅತ್ಯುತ್ತಮ ನಟ ಪ್ರಶಸ್ತಿ. ಆ ವಿಭಾಗದಲ್ಲಿ ಗೆದ್ದ ಮೊದಲ ಕರಿಯ ನಟ ಇವರು. 'ಆಸ್ಕರ್ ಪಡೆದ ಮೊದಲ ಕರಿಯ ಕಲಾವಿದ' ಎಂದರೆ ತಪ್ಪು. ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲೇ ಪೋಷಕ ನಟಿ ಪ್ರಶಸ್ತಿ ಪಡೆದಿದ್ದರು.

ಇನ್ನು 1967. ಒಂದೇ ವರ್ಷ ಮೂರು ದೊಡ್ಡ ಚಿತ್ರ, ಆದರೆ ಒಂದಕ್ಕೂ ಇವರಿಗೆ ನಾಮನಿರ್ದೇಶನ ಇಲ್ಲ. 'ಇನ್ ದ ಹೀಟ್ ಆಫ್ ದ ನೈಟ್'ಗೆ ಅತ್ಯುತ್ತಮ ನಟನಾದವರು ಸಹನಟ ರಾಡ್ ಸ್ಟೈಗರ್. ಕಥೆ ನಡೆಯುವುದು ಮಿಸಿಸಿಪ್ಪಿಯ ಸ್ಪಾರ್ಟಾದಲ್ಲಿ, ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಇಲಿನಾಯ್‌ನ ಸ್ಪಾರ್ಟಾದಲ್ಲಿ. ವರ್ಣಭೇದ ಬಿಗಿಯಾಗಿದ್ದ ದಕ್ಷಿಣದ ರಾಜ್ಯಗಳಿಗೆ ಬರಲೊಲ್ಲೆ ಎಂದು ಪ್ವಾಟಿಯೆ ಪಟ್ಟು ಹಿಡಿದಿದ್ದರು. ಕಾರಣವಿತ್ತು: 1964ರಲ್ಲಿ ಗಾಯಕ, ನಟ ಹ್ಯಾರಿ ಬೆಲಫಾಂಟೆ ಜೊತೆ ಮಿಸಿಸಿಪ್ಪಿಯ ಗ್ರೀನ್‌ವುಡ್‌ಗೆ ನಾಗರಿಕ ಹಕ್ಕು ಕಾರ್ಯಕರ್ತರಿಗಾಗಿ ಹಣ ಒಯ್ದಾಗ ಕರಿಯರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನವರು ಕಾರು ಬೆನ್ನಟ್ಟಿದ್ದರು. ಹತ್ತಿ ತೋಟದ ದೃಶ್ಯಗಳಿಗಷ್ಟೇ ಟೆನ್ನೆಸ್ಸಿಗೆ ಹೋಗಲು ಒಪ್ಪಿದರು.

ಆ ಚಿತ್ರದ ಕೆನ್ನೆಯೇಟಿನ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಆರ್ಕಿಡ್ ಗಾಜುಮನೆ. ಪ್ರಶ್ನೆ ಕೇಳಿದ್ದೇ ಅಪರಾಧವೆಂಬಂತೆ ಜಮೀನ್ದಾರ ಎಂಡಿಕಾಟ್ ಪತ್ತೇದಾರ ಟಿಬ್ಸ್ (ಪ್ವಾಟಿಯೆ) ಕೆನ್ನೆಗೆ ಹೊಡೆಯುತ್ತಾನೆ. ಟಿಬ್ಸ್ ಯೋಚಿಸುವುದಿಲ್ಲ, ಅದೇ ಉಸಿರಿನಲ್ಲಿ ತಿರುಗಿ ಹೊಡೆಯುತ್ತಾನೆ. ಏಟಿಗಿಂತ ನಂತರದ ಮೌನವನ್ನು ಗಮನಿಸಿ: ಈಗೇನು ಮಾಡುತ್ತೀಯ ಎಂದು ಎಂಡಿಕಾಟ್ ಪೊಲೀಸ್ ಮುಖ್ಯಸ್ಥನನ್ನು ಕೇಳುತ್ತಾನೆ, ಅವನಿಗೆ ಉತ್ತರ ಗೊತ್ತಿಲ್ಲ. ಪಾನೀಯದ ತಟ್ಟೆ ಹಿಡಿದ ಕರಿಯ ಸೇವಕನೂ ಇದೆಲ್ಲ ನೋಡಿದ್ದಾನೆ. ತಿರುಗೇಟು ಚಿತ್ರದ ಎಲ್ಲ ಪ್ರತಿಗಳಲ್ಲೂ ಇರಲೇಬೇಕೆಂಬುದು ತನ್ನ ಷರತ್ತು ಎಂದು ಪ್ವಾಟಿಯೆ ಹೇಳಿಕೊಂಡಿದ್ದರು. ಮೂಲ ಕಾದಂಬರಿಯಲ್ಲಿ ಆ ಏಟು ಇಲ್ಲ.

ಅದೇ ವರ್ಷದ 'ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್' ನೋಡಿದರೆ ಇನ್ನೊಂದು ಮಗ್ಗುಲು. ನಾಯಕ ಎಷ್ಟು ನಿಷ್ಕಳಂಕನೆಂದರೆ ಅವನನ್ನು ಬೇಡವೆನ್ನಲು ಚರ್ಮದ ಬಣ್ಣ ಬಿಟ್ಟು ಬೇರೆ ಕಾರಣವೇ ಸಿಗದು. ಬಿಳಿ ಹುಡುಗಿಗೆ ಅವನು ಕೊಡುವ ಮುತ್ತನ್ನು ನಮಗೆ ತೋರಿಸುವುದು ಟ್ಯಾಕ್ಸಿಯ ಹಿನ್ನೋಟದ ಕನ್ನಡಿಯಲ್ಲಿ. ಚಿತ್ರೀಕರಣ ನಡೆದಾಗ ಇಂಥ ಮದುವೆ ಹಲವು ರಾಜ್ಯಗಳಲ್ಲಿ ನಿಷಿದ್ಧವಾಗಿತ್ತು. ಆ ಕಾನೂನುಗಳನ್ನು ಸುಪ್ರೀಂ ಕೋರ್ಟ್ ಜೂನ್ 12ರಂದು ರದ್ದು ಮಾಡಿತು. ಬಿಳಿಯರನ್ನು ನೋಯಿಸದ ದೇವತಾಪುರುಷರನ್ನೇ ಆಡುತ್ತಾರೆಂಬ ಟೀಕೆ ಕರಿಯ ವಿಮರ್ಶಕರಿಂದಲೇ ಬಂತು. ಟೀಕೆ ಹುರುಳಿಲ್ಲದ್ದಲ್ಲ. ಆದರೆ ಮುಖ್ಯಪಾತ್ರದಲ್ಲಿ ಇವರೊಬ್ಬರೇ ಎಂಬಂತಿದ್ದ ಕಾಲದಲ್ಲಿ ಆ ಭಾರವೆಲ್ಲ ಒಂದೇ ಹೆಗಲಿಗೆ ಬಿದ್ದಿತ್ತು ಎಂಬುದನ್ನೂ ಬರೆಯಬೇಕು.

1972ರಿಂದ ನಿರ್ದೇಶನಕ್ಕಿಳಿದರು. 1980ರ ಹಾಸ್ಯಚಿತ್ರ 'ಸ್ಟರ್ ಕ್ರೇಜಿ' 10 ಕೋಟಿ ಡಾಲರ್ ದಾಟಿತು. 1997ರಿಂದ 2007ರವರೆಗೆ ಜಪಾನ್‌ಗೆ ಬಹಾಮಾಸ್ ರಾಯಭಾರಿ. 2002ರಲ್ಲಿ ಗೌರವ ಆಸ್ಕರ್, ಅದೇ ರಾತ್ರಿ ಡೆನ್ಜಲ್ ವಾಷಿಂಗ್ಟನ್ ಅತ್ಯುತ್ತಮ ನಟ. 2022ರ ಜನವರಿ 6ರಂದು ತೀರಿಕೊಂಡರು.

ಸಮಯ ಕಡಿಮೆಯಿದ್ದರೆ ಎರಡೇ ಚಿತ್ರ ನೋಡಿ. ಮೊದಲು 1958ರ 'ದ ಡಿಫಯಂಟ್ ಒನ್ಸ್'. ಕೊನೆಯಲ್ಲಿ ಬಿಳಿಯ ಜೊತೆಗಾರನಿಗಾಗಿ ನಾಯಕ ಓಡುವ ರೈಲಿನಿಂದ ಜಿಗಿಯುತ್ತಾನೆ. ಹಾರ್ಲೆಮ್ ಪ್ರೇಕ್ಷಕರು ವಾಪಸ್ ಹತ್ತೋ ಎಂದು ರೇಗಿದ್ದನ್ನು ಲೇಖಕ ಜೇಮ್ಸ್ ಬಾಲ್ಡ್ವಿನ್ ದಾಖಲಿಸಿದ್ದಾರೆ. ಅದಾದ ಮೇಲೆ ಗಾಜುಮನೆಯ ದೃಶ್ಯಕ್ಕೆ ಬನ್ನಿ. ಒಂಬತ್ತು ವರ್ಷಗಳಲ್ಲಿ ಏನು ಬದಲಾಯಿತೆಂದು ಟಿಪ್ಪಣಿ ಮಾಡಲು ಈ ಜೋಡಿ ಸಾಕು.