ಡಬಲ್ಸ್‌ನಲ್ಲಿ ನಂಬರ್ ಒನ್, ಸಿಂಗಲ್ಸ್‌ನಲ್ಲಿ ಯಾಕಿಲ್ಲ?

ದಾವಣಗೆರೆಯಲ್ಲಿ ನಾನು ಸಂಜೆ ಟೆನಿಸ್ ಆಡೋಕೆ ಹೋಗುವ ಕಡೆ ಇರುವುದು ಎರಡೇ ಕೋರ್ಟ್. ಐದೂವರೆ ಆಗುವಷ್ಟರಲ್ಲಿ ಹನ್ನೆರಡು ಜನ ಸೇರಿರುತ್ತೇವೆ. ಡಾಕ್ಟರು, ಬ್ಯಾಂಕಿನವರು, ಮಂಡಿ ಮುಗಿಸಿ ಬಂದವರು, ಜೊತೆಗೆ ಕೋಚಿಂಗ್‌ಗೆ ಬರುವ ನಾಲ್ಕೈದು ಹುಡುಗರು. ಇಬ್ಬರೇ ಒಂದು ಕೋರ್ಟ್ ಹಿಡಿದು ಸಿಂಗಲ್ಸ್ ಆಡುತ್ತೇವೆ ಅಂದರೆ ಉಳಿದವರು ಎಲ್ಲಿಗೆ ಹೋಗಬೇಕು? ಹಾಗಾಗಿ ಎರಡೂ ಕೋರ್ಟಿನಲ್ಲಿ ಡಬಲ್ಸ್. ಹದಿಮೂರು ಹದಿನಾಲ್ಕರ ಹುಡುಗರೂ ನಮ್ಮಂಥ ಐವತ್ತರವರ ಪಕ್ಕ ನಿಂತೇ ಆಟ ಕಲಿಯುತ್ತಾರೆ.

2024ರ ಜನವರಿ 27ರ ಸಂಜೆ ಮಾತ್ರ ಯಾರೂ ಆಡಲಿಲ್ಲ. ಬೆಂಚಿನ ಮೇಲೆ ಒಂದು ಫೋನ್ ನಿಲ್ಲಿಸಿಕೊಂಡು ಎಲ್ಲರೂ ಸುತ್ತ ಬಗ್ಗಿ ನಿಂತಿದ್ದೆವು. ಮೆಲ್ಬರ್ನ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಫೈನಲ್ ಆಡುತ್ತಿದ್ದರು. 7-6, 7-5ರಲ್ಲಿ ಗೆದ್ದರು. ಅವರಿಗೆ ಆಗ 43 ವರ್ಷ. ಎರಡು ದಿನ ಕಳೆದು ಪಟ್ಟಿ ಬಂದಾಗ ಡಬಲ್ಸ್‌ನಲ್ಲಿ ಜಗತ್ತಿಗೇ ನಂಬರ್ ಒನ್. ಅಷ್ಟು ವಯಸ್ಸಿನಲ್ಲಿ ಅದಕ್ಕೂ ಮುಂಚೆ ಯಾರೂ ಆ ಜಾಗಕ್ಕೆ ಏರಿರಲಿಲ್ಲ. ಆ ರಾತ್ರಿ ಎಲ್ಲರೂ ಸೇರಿ ಬೆಣ್ಣೆ ದೋಸೆ ತಿಂದೆವು. ದುಡ್ಡು ಕೊಡಲು ಜಗಳವೇ ಆಯಿತು.

ದೋಸೆ ತಿನ್ನುವಾಗ ಆ ಹುಡುಗರಲ್ಲೊಬ್ಬ ಕೇಳಿದ: "ಅಂಕಲ್, ಬೋಪಣ್ಣ ಸರ್ ಸಿಂಗಲ್ಸ್ ಯಾಕೆ ಆಡಲ್ಲ?"

ಆಡಿದ್ದರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ಕ್ರಮಾಂಕ 213. ಅದು 2007ರಲ್ಲಿ. ಒಬ್ಬನೇ ಆಟಗಾರ ಒಂದು ಕಡೆ 213, ಇನ್ನೊಂದು ಕಡೆ 1. ಭಾರತದ ಟೆನಿಸ್ ಕಳೆದ ಮೂವತ್ತು ವರ್ಷ ಹೇಗೆ ನಡೆಯಿತು ಅನ್ನುವುದು ಈ ಎರಡು ಅಂಕಿಗಳಲ್ಲೇ ಇದೆ. ಹುಡುಗನಿಗೆ ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ಮೊದಲಿನಿಂದಲೂ ಡಬಲ್ಸ್ ದೇಶ ಆಗಿರಲಿಲ್ಲ. 1960 ಮತ್ತು 1961ರಲ್ಲಿ ರಾಮನಾಥನ್ ಕೃಷ್ಣನ್ ಸತತ ಎರಡು ವರ್ಷ ವಿಂಬಲ್ಡನ್ ಸಿಂಗಲ್ಸ್ ಸೆಮಿಫೈನಲ್ ಆಡಿದರು. ಸೋತಿದ್ದು ನೀಲ್ ಫ್ರೇಸರ್‌ಗೆ, ಮರುವರ್ಷ ರಾಡ್ ಲೇವರ್‌ಗೆ. ಇಬ್ಬರೂ ಆಯಾ ವರ್ಷದ ಚಾಂಪಿಯನ್ನರು. ಆಮೇಲೆ ವಿಜಯ್ ಅಮೃತರಾಜ್ 1973ರಲ್ಲಿ ವಿಂಬಲ್ಡನ್, ಅಮೆರಿಕ ಓಪನ್ ಎರಡರಲ್ಲೂ ಎಂಟರ ಘಟ್ಟ ತಲುಪಿದರು. 1980ರಲ್ಲಿ 18ನೇ ಕ್ರಮಾಂಕಕ್ಕೆ ಏರಿದರು. ಕೃಷ್ಣನ್ ಅವರ ಮಗ ರಮೇಶ್ ಮೂರು ಬಾರಿ ಗ್ರ್ಯಾನ್‌ಸ್ಲಾಮ್ (ವಿಂಬಲ್ಡನ್ ಮತ್ತು ಅಮೆರಿಕ, ಫ್ರೆಂಚ್, ಆಸ್ಟ್ರೇಲಿಯಾ ಓಪನ್ ಎಂಬ ನಾಲ್ಕು ದೊಡ್ಡ ಪಂದ್ಯಾವಳಿಗಳು) ಕ್ವಾರ್ಟರ್‌ಫೈನಲ್ ಆಡಿದರು, 23ನೇ ಸ್ಥಾನದವರೆಗೆ ಹೋದರು. ಅಂದರೆ ಸುಮಾರು ಮೂವತ್ತು ವರ್ಷ ಸಿಂಗಲ್ಸ್‌ನಲ್ಲಿ ನಮ್ಮವರೊಬ್ಬರು ಇದ್ದೇ ಇರುತ್ತಿದ್ದರು.

ಇದಕ್ಕೆ ಹುಲ್ಲು ತುಂಬಾ ನೆರವಾಯಿತು. 1974ರವರೆಗೆ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಮೂರು ನಡೆಯುತ್ತಿದ್ದುದು ಹುಲ್ಲಿನ ಅಂಗಳದಲ್ಲಿ. ಹುಲ್ಲಿನಲ್ಲಿ ಚೆಂಡು ಜಾಸ್ತಿ ಏಳುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಮರದ ರ‍್ಯಾಕೆಟ್ಟಿನ ಕಾಲ ಅದು. ಜೋರಾಗಿ ಹೊಡೆಯುವವನಿಗಿಂತ ಚೆಂಡನ್ನು ಮೆಲ್ಲಗೆ ಸರಿಯಾದ ಜಾಗಕ್ಕೆ ಇಡುವವನಿಗೆ ಬೆಲೆ ಇತ್ತು. ಕೋಲ್ಕತ್ತದ ಸೌತ್ ಕ್ಲಬ್‌ನಂಥ ಹುಲ್ಲಿನ ಕೋರ್ಟುಗಳು ನಮ್ಮಲ್ಲೂ ಇದ್ದವು. ನಮ್ಮವರ ಕೈಯಲ್ಲಿ ಆ ನಯ ಇತ್ತು.

ಆಮೇಲೆ ಒಂದೊಂದೇ ಬದಲಾಯಿತು. ಅಮೆರಿಕ ಓಪನ್ 1975ರಲ್ಲಿ ಹುಲ್ಲು ಬಿಟ್ಟಿತು, ಆಸ್ಟ್ರೇಲಿಯಾ ಓಪನ್ 1988ರಲ್ಲಿ. ಮರದ ಜಾಗಕ್ಕೆ ಗ್ರ್ಯಾಫೈಟ್ ಬಂತು. ತೊಂಬತ್ತರ ದಶಕದ ಕೊನೆಗೆ ರ‍್ಯಾಕೆಟ್ಟಿಗೆ ಪಾಲಿಯೆಸ್ಟರ್ ಗಟ್ (ತಂತಿ) ಬಂದಮೇಲೆ ಬೇಸ್‌ಲೈನ್‌ನಲ್ಲೇ, ಅಂದರೆ ಕೋರ್ಟಿನ ಹಿಂದಿನ ಗೆರೆಯಲ್ಲೇ ನಿಂತು ಶಕ್ತಿಯೆಲ್ಲ ಹಾಕಿ ಹೊಡೆದರೂ ಚೆಂಡು ಸುತ್ತಿಕೊಂಡು ಗೆರೆಯೊಳಗೇ ಬೀಳತೊಡಗಿತು. ಸಿಂಗಲ್ಸ್ ಅನ್ನುವುದು ಕಾಲಿನ, ಉಸಿರಿನ, ಐದು ಸೆಟ್ ತಡೆಯುವ ಮೈಯ ಆಟವಾಯಿತು. 1987ರಲ್ಲಿ ಭಾರತ ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನ ಫೈನಲ್‌ಗೆ ಹೋದಾಗ ಸ್ವೀಡನ್‌ನವರು ಒಳಾಂಗಣದಲ್ಲಿ ಮಣ್ಣಿನ ಅಂಕಣ ಹಾಕಿ ಕಾದಿದ್ದರು. 5-0ರಲ್ಲಿ ಸೋತೆವು. ಮುಂದೆ ಏನಾಗಲಿದೆ ಅನ್ನುವುದರ ಸೂಚನೆ ಆ ಸೋಲಿನಲ್ಲಿ ಇತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಆದರೆ ಆ ಹಳೇ ನಯ ಹಾಳಾಗಿ ಹೋಗಲಿಲ್ಲ. ಡಬಲ್ಸ್‌ಗೆ ಬಂತು. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ, ಡಬಲ್ಸ್‌ನದು 36. ಇಬ್ಬರು ನಿಂತರೆ ಒಬ್ಬರ ಪಾಲಿಗೆ 18 ಅಡಿ. ಓಟ ಕಡಿಮೆ, ನೆಟ್ ಹತ್ತಿರದ ಕೈಚಳಕ ಜಾಸ್ತಿ. ನಮ್ಮ ಕೋರ್ಟಿನಲ್ಲಿ ಅವತ್ತು ಪ್ರಶ್ನೆ ಕೇಳಿದ ಆ ಹುಡುಗ ಆಡುವುದನ್ನು ನೋಡಿದರೆ ಇದು ಗೊತ್ತಾಗುತ್ತದೆ. ಅವನು ನೆಟ್ ಬಳಿ ನಿಂತಿದ್ದಾಗ ರ‍್ಯಾಕೆಟ್ ಮುಖ ಸ್ವಲ್ಪ ತೆರೆದು, ಮಣಿಕಟ್ಟು ಗಟ್ಟಿ ಹಿಡಿದು, ಚೆಂಡನ್ನು ಇಬ್ಬರು ದೊಡ್ಡವರ ನಡುವೆ ಸುಮ್ನೆ ಇಟ್ಟುಬಿಡುತ್ತಾನೆ. ಅದನ್ನು ಅವನಿಗೆ ಕೋಚ್ ಹೇಳಿಕೊಟ್ಟಿಲ್ಲ. ದಿನಾ ಸಂಜೆ ನಮ್ಮ ಜೊತೆ ಆಡಿ ಆಡಿ ಬಂದದ್ದು. ಅದೇ ಹುಡುಗ ಬೇಸ್‌ಲೈನ್‌ನಲ್ಲಿ ನಿಂತು ಇಪ್ಪತ್ತು ಹೊಡೆತದ ರ‍್ಯಾಲಿ ಆಡಬೇಕಾದಾಗ ಹನ್ನೆರಡಕ್ಕೇ ಸುಸ್ತಾಗುತ್ತಾನೆ. ದೇಶದಲ್ಲಿ ಎಷ್ಟೋ ಊರುಗಳಲ್ಲಿ ಹೀಗೇ ಇರಬೇಕು. ನಾಲ್ಕು ಜನಕ್ಕೆ ಒಂದು ಕೋರ್ಟ್ ಅಂದಮೇಲೆ ನಾಲ್ಕು ಜನರ ಆಟವೇ ಅಲ್ವಾ ಬೆಳೆಯುವುದು?

ಲಿಯಾಂಡರ್ ಪೇಸ್ ಈ ಎರಡು ಕಾಲಗಳ ನಡುವೆ ನಿಂತವರು. 1990ರಲ್ಲಿ ವಿಂಬಲ್ಡನ್ ಜೂನಿಯರ್ ಸಿಂಗಲ್ಸ್ ಗೆದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರಲ್ಲ, ಅದೂ ಸಿಂಗಲ್ಸ್‌ನಲ್ಲೇ. ಡೇವಿಸ್ ಕಪ್‌ನಲ್ಲಂತೂ ತಮಗಿಂತ ಎಷ್ಟೋ ಮೇಲಿನವರನ್ನು ಸೋಲಿಸಿದ್ದಾರೆ. ಆದರೆ ವಾರ ವಾರ ನಡೆಯುವ ಪಂದ್ಯಾವಳಿಗಳಲ್ಲಿ ಅವರ ಸಿಂಗಲ್ಸ್ ಕ್ರಮಾಂಕ 73ಕ್ಕಿಂತ ಮೇಲೆ ಹೋಗಲಿಲ್ಲ. ಡಬಲ್ಸ್‌ನಲ್ಲಿ, ಮಿಶ್ರ ಡಬಲ್ಸ್‌ನಲ್ಲಿ ಸೇರಿ 18 ಗ್ರ್ಯಾನ್‌ಸ್ಲಾಮ್ ಗೆದ್ದರು. ಮಹೇಶ್ ಭೂಪತಿ 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 1999ರಲ್ಲಿ ಪೇಸ್-ಭೂಪತಿ ಜೋಡಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಫೈನಲ್ ಆಡಿ ಎರಡನ್ನು ಗೆದ್ದಿತು. ಆ ವರ್ಷದ ನಂತರ ಭಾರತದಲ್ಲಿ ರ‍್ಯಾಕೆಟ್ ಹಿಡಿದ ಪ್ರತಿ ಹುಡುಗನಿಗೂ ಕಣ್ಣೆದುರು ಕಾಣುತ್ತಿದ್ದ ದಾರಿ ಡಬಲ್ಸ್.

ಇಲ್ಲಿ ಒಂದು ಮಾತು ಕೇಳಿಬರುತ್ತದೆ. ಡಬಲ್ಸ್ ಸುಲಭ, ಅಲ್ಲಿ ದುಡ್ಡಿದೆ, ಅದಕ್ಕೇ ನಮ್ಮವರು ಸಿಂಗಲ್ಸ್ ಬಿಟ್ಟರು ಅಂತ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಅದೇ 2024ರ ಆಸ್ಟ್ರೇಲಿಯಾ ಓಪನ್ನಿನ ಲೆಕ್ಕ ನೋಡಿ. ಚಾಂಪಿಯನ್ ಜೋಡಿಗೆ ಸಿಕ್ಕಿದ್ದು 7.3 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬೋಪಣ್ಣ ಅವರ ಪಾಲು 3.65 ಲಕ್ಷ. ಅದೇ ಪಂದ್ಯಾವಳಿಯ ಸಿಂಗಲ್ಸ್‌ನಲ್ಲಿ ನಮ್ಮ ಸುಮಿತ್ ನಾಗಲ್ ಅರ್ಹತಾ ಸುತ್ತು ದಾಟಿ ಬಂದು, 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿ, ಎರಡನೇ ಸುತ್ತಿನಲ್ಲಿ ಸೋತರು. ಅವರಿಗೆ ಸಿಕ್ಕಿದ್ದು 1.8 ಲಕ್ಷ. ಅಂದರೆ ಕಪ್ ಎತ್ತಿದವರ ಪಾಲಿನ ಅರ್ಧದಷ್ಟು ಎರಡನೇ ಸುತ್ತಿನಲ್ಲಿ ಸೋತವರಿಗೆ ಬಂತು. ಸಿಂಗಲ್ಸ್ ಗೆದ್ದವರಿಗೆ 31.5 ಲಕ್ಷ. ದುಡ್ಡಿಗಾಗಿಯೇ ಆಡುವುದಾದರೆ ಯಾರಾದರೂ ಸಿಂಗಲ್ಸನ್ನೇ ಆಡುತ್ತಾರೆ.

ಕಷ್ಟ ಇರುವುದು ಆ ಬಾಗಿಲವರೆಗೆ ಹೋಗುವುದರಲ್ಲಿ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಜಾಗ. ಕ್ರಮಾಂಕದ ಮೇಲೆ ನೇರ ಪ್ರವೇಶ ಸಿಗುವುದು ಸುಮಾರು ನೂರು ಜನಕ್ಕೆ. ನೂರರೊಳಗೆ ಇದ್ದರೆ ವರ್ಷಕ್ಕೆ ನಾಲ್ಕು ಬಾರಿ ಮೊದಲ ಸುತ್ತಿನಲ್ಲಿ ಸೋತರೂ ಕೋಚ್ ಇಟ್ಟುಕೊಳ್ಳಬಹುದು, ಫಿಸಿಯೋಗೆ ದುಡ್ಡು ಕೊಡಬಹುದು. 250ರಲ್ಲಿ ಇದ್ದವನಿಗೆ ಅದು ಇಲ್ಲ. ಇವತ್ತು ಇಟಲಿ, ಮುಂದಿನ ವಾರ ಪೋರ್ಚುಗಲ್. ವಿಮಾನ, ಹೋಟೆಲ್, ಗಟ್ಟಿಂಗ್, ಊಟ ಎಲ್ಲ ಕೈಯಿಂದಲೇ. ಯುರೋಪಿನ ಹುಡುಗ ಸೋತರೆ ರೈಲು ಹತ್ತಿ ಮನೆಗೆ ಹೋಗುತ್ತಾನೆ. ನಮ್ಮ ಹುಡುಗ ಮುಂದಿನ ಪಂದ್ಯಾವಳಿಯವರೆಗೆ ಅಲ್ಲೇ ಬಾಡಿಗೆ ಕಟ್ಟಿಕೊಂಡು ಇರಬೇಕು. ನಾಗಲ್ ದೇಶದ ನಂಬರ್ ಒನ್ ಆಗಿದ್ದಾಗಲೇ, 2023ರ ಶುರುವಿನಲ್ಲಿ ತಮ್ಮ ಖಾತೆಯಲ್ಲಿ 900 ಯೂರೋ ಮಾತ್ರ ಇತ್ತು ಎಂದು ಬಹಿರಂಗವಾಗಿ ಹೇಳಿಕೊಂಡರು. ಅದನ್ನು ಓದಿದ ದಿನ ನನಗೆ ಬಹಳ ಸಂಕಟವಾಯಿತು.

ಇಂಥ ಕಡೆ ಡಬಲ್ಸ್ ಕೈ ಹಿಡಿಯುತ್ತದೆ. ದೊಡ್ಡ ಸಿಂಗಲ್ಸ್ ಆಟಗಾರರಲ್ಲಿ ಹೆಚ್ಚಿನವರು ಡಬಲ್ಸ್ ನಿಯಮಿತವಾಗಿ ಆಡುವುದಿಲ್ಲ, ಹಾಗಾಗಿ ಕ್ರಮಾಂಕ ಬೇಗ ಮೇಲೆ ಬರುತ್ತದೆ. ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿಯ ಟೂರ್‌ನಲ್ಲಿ ಡಬಲ್ಸ್ ಗೇಮ್ ಡ್ಯೂಸ್ (40-40ರ ಸಮ) ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ, ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್. ಮೈ ಅಷ್ಟು ಸವೆಯುವುದಿಲ್ಲ. 26ರ ವಯಸ್ಸಿಗೆ ಬಂದ ಆಟಗಾರನೊಬ್ಬ ಸಿಂಗಲ್ಸ್‌ನಲ್ಲಿ 250, ಡಬಲ್ಸ್‌ನಲ್ಲಿ 90 ಇದ್ದಾನೆ ಅಂದುಕೊಳ್ಳಿ. ಮನೆಯವರು ಏನು ಹೇಳುತ್ತಾರೆ? ನೀವಾದರೆ ಏನು ಹೇಳುತ್ತೀರಿ?

ಎಷ್ಟೋ ಸಲ ತೀರ್ಮಾನ ಮಾಡುವುದು ಮೈಯೇ. ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೆ ಏರಿದ್ದರು. ಭಾರತದ ಬೇರೆ ಯಾವ ಮಹಿಳೆಯೂ ಅದರ ಹತ್ತಿರಕ್ಕೆ ಹೋಗಿಲ್ಲ. ಆಮೇಲೆ ಮಣಿಕಟ್ಟು ಕೈಕೊಟ್ಟಿತು, ಶಸ್ತ್ರಚಿಕಿತ್ಸೆ ಆಯಿತು. ಡಬಲ್ಸ್‌ಗೆ ಬಂದು 2015ರಲ್ಲಿ ನಂಬರ್ ಒನ್ ಆದರು, ಒಟ್ಟು ಆರು ಗ್ರ್ಯಾನ್‌ಸ್ಲಾಮ್ ಗೆದ್ದರು. ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯಾ ಓಪನ್ ಜೂನಿಯರ್ ಚಾಂಪಿಯನ್. ಸಿಂಗಲ್ಸ್‌ನಲ್ಲಿ 83ರವರೆಗೆ ಬಂದಾಗ ಗಾಯ ಬಿಡಲಿಲ್ಲ. ಡಬಲ್ಸ್‌ಗೆ ತಿರುಗಿ 2025ರ ಅಮೆರಿಕ ಓಪನ್‌ನಲ್ಲಿ ಸೆಮಿಫೈನಲ್ ಆಡಿದರು. ಇವರು ಸಿಂಗಲ್ಸಿಗೆ ಬೆನ್ನು ತಿರುಗಿಸಿದವರಲ್ಲ. ಡಬಲ್ಸ್ ಇಲ್ಲದಿದ್ದರೆ ಆಟವನ್ನೇ ಬಿಟ್ಟು ಮನೆಗೆ ಹೋಗಬೇಕಾಗಿತ್ತು.

ಹಾಗಾದರೆ ಕೊರತೆ ಎಲ್ಲಿ? 18ರಿಂದ 24ರ ವಯಸ್ಸಿನ ನಡುವೆ, 300ರಿಂದ 100ರ ಕ್ರಮಾಂಕದ ನಡುವೆ. ಅಲ್ಲಿ ನಮ್ಮ ಹುಡುಗರಿಗೆ ಊರಿನಲ್ಲೇ ಪಂದ್ಯಾವಳಿ ಬೇಕು. ಅದು ಸಿಕ್ಕಾಗಲೆಲ್ಲ ಫಲ ಕಂಡಿದೆ. 2009ರ ಚೆನ್ನೈ ಓಪನ್‌ಗೆ ಸೋಮ್‌ದೇವ್ ದೇವವರ್ಮನ್ ಅವರಿಗೆ ವೈಲ್ಡ್ ಕಾರ್ಡ್, ಅಂದರೆ ಕ್ರಮಾಂಕ ನೋಡದೆ ಸಂಘಟಕರು ಕೊಡುವ ಪ್ರವೇಶ ಸಿಕ್ಕಿತು. ಆಗ ಅವರ ಕ್ರಮಾಂಕ 200ರಾಚೆ. ನೇರ ಫೈನಲ್‌ಗೆ ಹೋದರು, ಎರಡು ವರ್ಷದಲ್ಲಿ 62ಕ್ಕೆ ಏರಿದರು. ನಾಗಲ್ 2017ರಲ್ಲಿ ಗೆದ್ದ ಚಾಲೆಂಜರ್ (ಎಟಿಪಿಯ ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪಂದ್ಯಾವಳಿ) ನಮ್ಮ ಬೆಂಗಳೂರಿನದು. ಮರುವರ್ಷ ಅದನ್ನೇ ಗೆದ್ದ ಪ್ರಜ್ಞೇಶ್ ಗುಣೇಶ್ವರನ್ 2019ರಲ್ಲಿ 75ನೇ ಸ್ಥಾನದಲ್ಲಿದ್ದರು. ನಾಗಲ್ ಮೊದಲ ಬಾರಿಗೆ ನೂರರೊಳಗೆ ಬಂದಿದ್ದು 2024ರ ಫೆಬ್ರವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದಮೇಲೆ. ಆ ವರ್ಷ ಜುಲೈನಲ್ಲಿ 68.

ಆದರೆ ಇರುವುದನ್ನೂ ಕಳೆದುಕೊಂಡೆವು. ಚೆನ್ನೈ ಓಪನ್ 2017ಕ್ಕೆ ನಿಂತಿತು. ಅದೇ ಎಟಿಪಿ ಪಂದ್ಯಾವಳಿ ಪುಣೆಗೆ ಹೋಗಿ 2023ಕ್ಕೆ ಅಲ್ಲೂ ಮುಗಿಯಿತು. ಈಗ ಭಾರತದಲ್ಲಿ ಪುರುಷರ ಎಟಿಪಿ 250 ಪಂದ್ಯಾವಳಿ ಇಲ್ಲ. ನಾಗಲ್ 2025ರಲ್ಲಿ ಮತ್ತೆ 200ರಾಚೆಗೆ ಜಾರಿದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಧಾರವಾಡ, ಕಲಬುರಗಿಯಂಥ ಊರುಗಳು ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಪಂದ್ಯಾವಳಿ ನಡೆಸಿವೆ. ನಮ್ಮ ದಾವಣಗೆರೆಯೂ ನಡೆಸಿದೆ. ಒಟ್ಟು 15,000 ಡಾಲರ್ ಬಹುಮಾನದ ಪಂದ್ಯಾವಳಿ ಅಂದರೆ ದೊಡ್ಡದೇನಲ್ಲ ಅನ್ನಿಸಬಹುದು. ಪಾಸ್‌ಪೋರ್ಟ್ ಇಲ್ಲದೆ, ಬಸ್ಸಿನಲ್ಲಿ ಬಂದು ಕ್ರಮಾಂಕಕ್ಕೆ ಲೆಕ್ಕವಾಗುವ ಮೊದಲ ಎಟಿಪಿ ಪಾಯಿಂಟ್ ಪಡೆಯುವ ಅವಕಾಶ ಅದು. ನನ್ನ ಕೇಳಿದರೆ, ಒಂದು ದೊಡ್ಡ ಪಂದ್ಯಾವಳಿಗಿಂತ ಇಂಥ ಹತ್ತು ಪಂದ್ಯಾವಳಿ ನಮಗೆ ಮೊದಲು ಬೇಕು.

ಎರಡು ಫಲಿತಾಂಶಗಳು ನನ್ನ ತಲೆಯಲ್ಲಿ ಯಾವಾಗಲೂ ಅಕ್ಕಪಕ್ಕ ಇರುತ್ತವೆ. 1966ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಡೇವಿಸ್ ಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 4-1ರಲ್ಲಿ ಸೋತೆವು. ಆ ಒಂದು ಪಾಯಿಂಟ್ ಬಂದಿದ್ದು ಡಬಲ್ಸ್‌ನಲ್ಲಿ. ರಾಮನಾಥನ್ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ, ನ್ಯೂಕೋಂಬ್ ಮತ್ತು ರೋಚ್ ಜೋಡಿಯನ್ನು ಸೋಲಿಸಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಭಾರತ 3-1ರಲ್ಲಿ ಗೆದ್ದಿತು. 1993ರ ನಂತರ ಯುರೋಪಿನ ತಂಡವನ್ನು ಅವರ ನೆಲದಲ್ಲೇ ಸೋಲಿಸಿದ್ದು ಅದೇ ಮೊದಲು. ಈ ಬಾರಿ ಸೋತ ಒಂದೇ ಪಂದ್ಯ ಡಬಲ್ಸ್. ಮೂರೂ ಸಿಂಗಲ್ಸ್ ನಾವೇ ಗೆದ್ದೆವು. ಎರಡು ನಾಗಲ್, ಒಂದು ಹೊಸ ಹುಡುಗ ದಕ್ಷಿಣೇಶ್ವರ್ ಸುರೇಶ್. ಮದುರೈಯ ಈ ಹುಡುಗ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಾ ಆಡಿ ಬೆಳೆದವರು. ಸೋಮ್‌ದೇವ್ ಕೂಡ ಅದೇ ದಾರಿಯಲ್ಲಿ ಬಂದವರು. ಕೋರ್ಟ್, ಕೋಚ್, ವಾರ ವಾರ ಪಂದ್ಯ, ಜೊತೆಗೆ ಡಿಗ್ರಿ. ಆ ವಯಸ್ಸಿನಲ್ಲಿ ನಾವು ಇಲ್ಲಿ ಕೊಡಲಾಗದ್ದನ್ನು ಅಲ್ಲಿ ಕೊಡುತ್ತಾರೆ.

ದೋಸೆ ತಿನ್ನುತ್ತಾ ಪ್ರಶ್ನೆ ಕೇಳಿದ ಹುಡುಗನ ಅಪ್ಪ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ರಾತ್ರಿ ಬಸ್ಸಿಗೆ ಇಷ್ಟು, ಬೆಂಗಳೂರಿನಲ್ಲಿ ರೂಮಿಗೆ ಇಷ್ಟು, ಚೆಂಡಿನ ಡಬ್ಬಿ, ಗಟ್ಟಿಂಗ್, ಶೂ. ಒಂದು ದಿನ ನನಗೆ ತೋರಿಸಿದರು. ಕೊನೆಯ ಪುಟದಲ್ಲಿ ಮಗ ಆಡಿದ ಪಂದ್ಯಗಳ ಲೆಕ್ಕ ಇತ್ತು. ಆ ವರ್ಷ ಸಿಂಗಲ್ಸ್ 14, ಡಬಲ್ಸ್ 22. ಸಿಂಗಲ್ಸ್ ಮೊದಲ ಸುತ್ತಿನಲ್ಲೇ ಸೋತಾಗ, ಬಂದ ಖರ್ಚಿಗೆ ಡಬಲ್ಸ್ ಆದರೂ ಆಡಿಕೊಂಡು ಬಾ ಅನ್ನುತ್ತಿದ್ದರಂತೆ.

ಅದಾದ ವಾರವೇ ನಮ್ಮ ಕೋರ್ಟಿನಲ್ಲಿ ಮಾತಾಡಿಕೊಂಡೆವು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಒಂದು ಕೋರ್ಟ್ ಪೂರ್ತಿ ಹುಡುಗರ ಸಿಂಗಲ್ಸಿಗೆ ಬಿಟ್ಟುಕೊಡಬೇಕು ಅಂತ. ಮೊದಲು ಇಬ್ಬರು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಈಗ ಆ ಎರಡು ಸಂಜೆ ನಾವು ಏಳೆಂಟು ಜನ ಬೆಂಚಿನ ಮೇಲೆ ಸರದಿ ಕಾಯುತ್ತಾ ಕೂತಿರುತ್ತೇವೆ. ಪಕ್ಕದ ಕೋರ್ಟಿನಲ್ಲಿ ಇಬ್ಬರೇ ಹುಡುಗರು ಆ ಮೂಲೆಯಿಂದ ಈ ಮೂಲೆಗೆ ಓಡುತ್ತಿರುತ್ತಾರೆ. ಹೋದ ಶುಕ್ರವಾರ ಒಂದು ರ‍್ಯಾಲಿ ಎಣಿಸಿದೆ. ಹತ್ತೊಂಬತ್ತಕ್ಕೆ ಚೆಂಡು ನೆಟ್‌ಗೆ ಬಿತ್ತು.