ಮೊದಲು ಹೆಸರು, ಆಮೇಲೆ ಸ್ಥಳಾಂತರ

ಉಚಿತ ವೇದಿಕೆಯಲ್ಲಿರುವ ಬ್ಲಾಗನ್ನು ಸ್ವಂತ ಹೋಸ್ಟಿಂಗಿಗೆ, ಅಂದರೆ ಬಾಡಿಗೆಗೆ ಪಡೆದ ಸರ್ವರ್ ಜಾಗಕ್ಕೆ, ಸಾಗಿಸಿ ಕೊಡಿ ಎಂದು ನನ್ನಲ್ಲಿಗೆ ಬರುವವರು ಹೆಚ್ಚಾಗಿ ಬದಿಯಡ್ಕ, ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯವರು. ನಿವೃತ್ತ ಅಧ್ಯಾಪಕರು, ತಾಳಮದ್ದಳೆಯ ಅರ್ಥಧಾರಿಗಳು, ಅಡಿಕೆ ತೋಟದ ಅನುಭವ ಬರೆಯುವವರು, ಹವ್ಯಕ ಅಡುಗೆಯನ್ನು ದಾಖಲಿಸುವ ಗೃಹಿಣಿಯರು. "ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ?" ಎಂಬುದು ಅವರ ಮೊದಲ ಪ್ರಶ್ನೆ. ನನ್ನ ಮೊದಲ ಪ್ರಶ್ನೆ ಬೇರೆ. ನಿಮ್ಮ ತಾಣಕ್ಕೆ ಸ್ವಂತ ಹೆಸರು, ಅಂದರೆ ಡೊಮೈನ್, ಇದೆಯೇ? ಇದ್ದರೆ ಅದು ಯಾರ ಖಾತೆಯಲ್ಲಿದೆ? ಇದಕ್ಕೆ ಉತ್ತರ ಸಿಗುವವರೆಗೆ ನಾನು ಒಂದು ಕಡತವನ್ನೂ ಮುಟ್ಟುವುದಿಲ್ಲ.

ಗಡಿನಾಡಿನ ಬರಹಗಾರರಿಗೆ ಈ ಪ್ರಶ್ನೆ ಇನ್ನಷ್ಟು ಮುಖ್ಯವೆಂದು ನಾನು ನಂಬಿದ್ದೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡದ ದಿನನಿತ್ಯದ ಬದುಕು ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡಿದೆ. ಬೆಂಗಳೂರಿನ ಸಂಗ್ರಹಾಲಯಕ್ಕೆ ಇದು ದೂರ, ತಿರುವನಂತಪುರದ ಸಂಗ್ರಹಾಲಯಕ್ಕೆ ಇದು ಬೇರೆ ಭಾಷೆ. ಶಾಲೆಯ ಶತಮಾನೋತ್ಸವದ ಸಂಚಿಕೆ, ಮೇಳದ ಹಳೆಯ ಕರಪತ್ರ, ಊರಿನ ಹಿರಿಯರ ಸಂದರ್ಶನ ಇವೆಲ್ಲ ಎಷ್ಟೋ ಕಡೆ ಒಬ್ಬ ವ್ಯಕ್ತಿಯ ಬ್ಲಾಗಿನಲ್ಲಿ ಮಾತ್ರ ಉಳಿದಿವೆ. ಅದು ಹೋದರೆ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

ಉಚಿತ ವೇದಿಕೆಗಳು ಹೋಗುವುದೂ ಉಂಟು. ಯಾಹೂ ಸಂಸ್ಥೆ 2009ರ ಅಕ್ಟೋಬರಿನಲ್ಲಿ ಜಿಯೋಸಿಟೀಸನ್ನು ಮುಚ್ಚಿತು. ಟ್ವಿಟರ್ ಕೊಂಡುಕೊಂಡ ಪೋಸ್ಟರಸ್ 2013ರ ಏಪ್ರಿಲ್ ಕೊನೆಗೆ ನಿಂತುಹೋಯಿತು. ಗೂಗಲ್ ಪ್ಲಸ್ 2019ರಲ್ಲಿ ಸಾಮಾನ್ಯ ಬಳಕೆದಾರರಿಗೆ ಇಲ್ಲವಾಯಿತು. ಬ್ಲಾಗರ್ ಎಂಬ ವೇದಿಕೆ ಮಾತ್ರ 1999ರಲ್ಲಿ ಆರಂಭವಾಗಿ, 2003ರಲ್ಲಿ ಗೂಗಲ್ ಕೈಸೇರಿ, ಇಂದಿಗೂ ನಡೆಯುತ್ತಿದೆ. ಆದ್ದರಿಂದ ನಾಳೆಯೇ ಎಲ್ಲರೂ ಓಡಬೇಕೆಂದು ನಾನು ಹೇಳುವುದಿಲ್ಲ. ಓಡಬೇಕಾದ ದಿನ ಬಂದರೆ ಓದುಗರು ನಿಮ್ಮೊಂದಿಗೆ ಬರುವಂತಿರಬೇಕು ಎನ್ನುತ್ತೇನೆ. ಅವರನ್ನು ಜತೆಗೆ ಕರೆತರುವುದು ನಿಮ್ಮದೇ ಆದ ಡೊಮೈನ್ ಹೆಸರು.

ಬ್ಲಾಗರ್ ಬಳಸುವವರಿಗೆ ಇಲ್ಲಿ ಒಂದು ಒಳ್ಳೆಯ ಅನುಕೂಲವಿದೆ, ಹಲವರಿಗೆ ಅದು ತಿಳಿದಿಲ್ಲ. ಸ್ವಂತ ಡೊಮೈನ್ ಕೊಂಡು, ಬ್ಲಾಗನ್ನು ಅಲ್ಲೇ ಬಿಟ್ಟು, ಹೆಸರನ್ನು ಮಾತ್ರ ಅದಕ್ಕೆ ಜೋಡಿಸಬಹುದು. ಇದಕ್ಕೆ ಬ್ಲಾಗರ್ ಶುಲ್ಕ ಕೇಳುವುದಿಲ್ಲ, ಡೊಮೈನಿನ ವಾರ್ಷಿಕ ಮೊತ್ತವಷ್ಟೇ ಖರ್ಚು. ಬ್ಲಾಗರ್ ಉಚಿತವಾಗಿ ಕೊಟ್ಟ ಹಳೆಯ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದವರನ್ನು ಅದು ತಾನಾಗಿಯೇ ಹೊಸ ಹೆಸರಿಗೆ ಕಳುಹಿಸುತ್ತದೆ. ಹೀಗೆ ಒಂದು ವರ್ಷ ನಡೆಯಲಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಸಂಶೋಧಕರ ಅಡಿಟಿಪ್ಪಣಿಗಳಲ್ಲಿ, ಹುಡುಕುತಾಣಗಳಲ್ಲಿ ಹೊಸ ಹೆಸರು ನೆಲೆಯೂರಲಿ. ಆಮೇಲೆ ಬ್ಲಾಗಿನ ಒಡಲನ್ನು ಎಲ್ಲಿಗೆ ಸಾಗಿಸಿದರೂ ಹೆಸರು ಬದಲಾಗುವುದಿಲ್ಲ. ಇನ್ನೊಂದು ಬ್ಲಾಗ್ ವೇದಿಕೆಯಾದ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಇದೇ ಸೌಲಭ್ಯ ಬೇಕಿದ್ದರೆ ಹಣ ಕೊಟ್ಟು ಮೇಲಿನ ಯೋಜನೆಗೆ ಹೋಗಬೇಕು. ಅಲ್ಲಿರುವವರಿಗೆ ಒಮ್ಮೆಲೇ ಸಾಗುವುದು ಲೇಸು.

ಹೆಸರು ಯಾರ ಖಾತೆಯಲ್ಲಿರಬೇಕು? ಬರೆಯುವವರ ಖಾತೆಯಲ್ಲಿ. ಇದು ಸರಳ ಮಾತಿನಂತೆ ಕಾಣುತ್ತದೆ, ಆದರೆ ನಮ್ಮ ಕಡೆ ಅತಿ ಹೆಚ್ಚು ಕೆಡುವುದು ಇಲ್ಲೇ. ಕೊಲ್ಲಿ ರಾಷ್ಟ್ರದಲ್ಲಿರುವ ಮಗ ತನ್ನ ಕಾರ್ಡಿನಲ್ಲಿ ಹಣ ಕಟ್ಟಿ, ತನ್ನ ಮಿಂಚಂಚೆ ಕೊಟ್ಟು, ಅಲ್ಲಿನ ಮೊಬೈಲ್ ಸಂಖ್ಯೆಯಲ್ಲಿ ನೋಂದಾಯಿಸುತ್ತಾನೆ. ಕೆಲವು ವರ್ಷಗಳಲ್ಲಿ ಅವನು ಕಂಪನಿ ಬದಲಿಸುತ್ತಾನೆ, ಆ ಸಂಖ್ಯೆ ಇಲ್ಲವಾಗುತ್ತದೆ, ನವೀಕರಣದ ಎಚ್ಚರಿಕೆ ಯಾರೂ ತೆರೆಯದ ಮಿಂಚಂಚೆಗೆ ಹೋಗುತ್ತದೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ನೋಂದಣಿ ಸಂಸ್ಥೆ ಕೊಡುವ ಸ್ವಲ್ಪ ರಿಯಾಯಿತಿ ಕಾಲ ಇರುತ್ತದೆ. ಅದನ್ನೂ ದಾಟಿದರೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಓದುಗರ ಬರುಹೋಗು ಇದ್ದ ಹೆಸರುಗಳನ್ನು ಜೂಜಿನ ಜಾಹೀರಾತಿನವರು ಕಾದು ಕೊಳ್ಳುತ್ತಾರೆ. ಮೇಳಗಳ ಇತಿಹಾಸ ಓದಲು ಹೋದ ವಿದ್ಯಾರ್ಥಿನಿಯ ಎದುರು ಇಸ್ಪೀಟಿನ ಪುಟ ತೆರೆಯುವುದನ್ನು ನೋಡಿದವರಿಗೆ ಇದರ ನೋವು ಅರ್ಥವಾಗುತ್ತದೆ. ಡಾಟ್ ಕಾಮ್, ಡಾಟ್ ಇನ್ ಎರಡನ್ನೂ ಒಮ್ಮೆಗೆ 10 ವರ್ಷಗಳವರೆಗೆ ನೋಂದಾಯಿಸಬಹುದು. ಸಾಧ್ಯವಿರುವವರು ಅಷ್ಟಕ್ಕೂ ಕಟ್ಟಿಬಿಡಿ ಎಂದೇ ನನ್ನ ಸಲಹೆ.

ಇನ್ನು ಸಾಗಣೆಯ ಕೆಲಸ. ಹಳೆಯ ತಾಣದಿಂದ ರಫ್ತು ಮಾಡಿದಾಗ ಸಿಗುವುದು ಒಂದು ಎಕ್ಸ್‌ಎಂಎಲ್ ಕಡತ. ಲೇಖನ, ದಿನಾಂಕ, ವರ್ಗಗಳು, ಓದುಗರ ಟಿಪ್ಪಣಿಗಳು ಅದರಲ್ಲಿರುತ್ತವೆ. ಟಿಪ್ಪಣಿಗಳನ್ನು ಬಿಟ್ಟುಬಿಡೋಣ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೇಳವೊಂದರ ಕುರಿತ ಲೇಖನದ ಕೆಳಗೆ ಆ ಮೇಳದಲ್ಲೇ ವೇಷ ಮಾಡಿದವರೊಬ್ಬರು ಬಂದು ಇಸವಿ ತಿದ್ದಿರುತ್ತಾರೆ. ಆ ತಿದ್ದುಪಡಿ ಲೇಖನದಷ್ಟೇ ಬೆಲೆಯುಳ್ಳದ್ದು. ಕಡತ ದೊಡ್ಡದಿದ್ದರೆ ಹೊಸ ಸರ್ವರ್ ಅದನ್ನು ತೆಗೆದುಕೊಳ್ಳದೆ ಹೋಗಬಹುದು. ಸರ್ವರಿನಲ್ಲಿ ವರ್ಡ್‌ಪ್ರೆಸ್ಸನ್ನು ನಡೆಸುವ ಪಿಎಚ್‌ಪಿಯಲ್ಲಿ ಕಡತ ಏರಿಸುವ ಮೂಲ ಮಿತಿ ಕೇವಲ 2 ಎಂಬಿ. ಹೋಸ್ಟಿಂಗಿನ ಫಲಕದಲ್ಲಿ ಮಿತಿ ಏರಿಸಿ, ಇಲ್ಲವೇ ಕಡತವನ್ನು ತುಂಡು ಮಾಡಿ ಏರಿಸಿ.

ಆ ಕಡತದಲ್ಲಿ ಇಲ್ಲದಿರುವುದು ಚಿತ್ರಗಳು. ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಅದರಲ್ಲಿರುತ್ತದೆ. ನೀವು ಸ್ವಂತ ಹೋಸ್ಟಿಂಗಿನಲ್ಲಿ ಹಾಕಿಕೊಂಡ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಆಮದು ಮಾಡುವಾಗ ಲಗತ್ತುಗಳನ್ನೂ ಇಳಿಸಿಕೊಳ್ಳಬೇಕೇ ಎಂದು ಒಂದು ಚೌಕ ಕೇಳುತ್ತದೆ. ಅದಕ್ಕೆ ಗುರುತು ಹಾಕದಿದ್ದರೂ ಹೊಸ ತಾಣದಲ್ಲಿ ಚಿತ್ರಗಳು ಚೆನ್ನಾಗಿಯೇ ಕಾಣುತ್ತವೆ, ಏಕೆಂದರೆ ಪ್ರತಿ ಸಲವೂ ಅವು ಹಳೆಯ ಸರ್ವರಿನಿಂದ ಬರುತ್ತಿರುತ್ತವೆ. ಬರಹಗಾರರು ಸಂತೋಷದಿಂದ ಹಳೆಯದನ್ನು ಅಳಿಸುತ್ತಾರೆ. ಅಂದಿನಿಂದ ಪ್ರತಿ ಲೇಖನದಲ್ಲೂ ಚಿತ್ರದ ಜಾಗದಲ್ಲಿ ಖಾಲಿ ಚೌಕ. ಹಳದಿ ರೋಗ ಬಂದ ಅಡಿಕೆ ಸೋಗೆಯ ಫೋಟೊ ಇಲ್ಲದೆ ಆ ಲೇಖನದಿಂದ ಕೃಷಿಕನಿಗೆ ಏನು ಪ್ರಯೋಜನ? ಕರಪತ್ರದ ಸ್ಕ್ಯಾನ್ ಪ್ರತಿ ಹೋದರೆ ಮತ್ತೆ ಯಾರ ಅಟ್ಟದಲ್ಲಿ ಹುಡುಕುವುದು?

ಪರೀಕ್ಷಿಸುವ ಬಗೆ ಸುಲಭ. ಹೊಸ ತಾಣದಲ್ಲಿ ಯಾವುದಾದರೂ ಚಿತ್ರವನ್ನು ಬೇರೆ ಕಿಟಕಿಯಲ್ಲಿ ತೆರೆದು ಮೇಲಿನ ವಿಳಾಸ ಓದಿ. ಅಲ್ಲಿ ನಿಮ್ಮ ಡೊಮೈನ್ ಇದ್ದರೆ ಚಿತ್ರ ನಿಮ್ಮದಾಗಿದೆ, ಗೂಗಲ್ ಅಥವಾ ವರ್ಡ್‌ಪ್ರೆಸ್ ಡಾಟ್ ಕಾಮ್ ಹೆಸರಿದ್ದರೆ ಇನ್ನೂ ಆಗಿಲ್ಲ. ಒಂದು ಚಿತ್ರ ನೋಡಿ ತೃಪ್ತರಾಗಬೇಡಿ. ಲೇಖನಗಳೆಲ್ಲ ಇರುವ ದತ್ತಸಂಚಯದಲ್ಲಿ (ಡೇಟಾಬೇಸ್) ಹಳೆಯ ತಾಣದ ಹೆಸರನ್ನೇ ಹುಡುಕಿ. ಎಲ್ಲಿ ಸಿಕ್ಕಿದರೂ ಅಲ್ಲಿ ಕೆಲಸ ಬಾಕಿ ಎಂದೇ ಅರ್ಥ.

ಲೇಖನಗಳ ವಿಳಾಸದ ವಿಚಾರ ಕನ್ನಡದವರಿಗೆ ಪ್ರತ್ಯೇಕ ತಲೆನೋವು. ಬ್ಲಾಗರ್ ಕನ್ನಡ ಶೀರ್ಷಿಕೆಯಿಂದ ವಿಳಾಸ ಕಟ್ಟುವುದಿಲ್ಲ. ವರ್ಷ, ತಿಂಗಳು ಬರೆದು, ಮುಂದೆ ಇಂಗ್ಲಿಷಿನಲ್ಲಿ 'ಬ್ಲಾಗ್ ಪೋಸ್ಟ್' ಎಂದು ಹಾಕಿ ಒಂದು ಸಂಖ್ಯೆ ಅಂಟಿಸುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನೇ ವಿಳಾಸಕ್ಕೆ ತೆಗೆದುಕೊಳ್ಳುತ್ತದೆ, ಆದರೆ ಅದನ್ನು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಮಾರ್ಪಡಿಸಿ ಇಟ್ಟುಕೊಳ್ಳುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೆ 3 ಚಿಹ್ನೆ, ಅಂದರೆ ಒಟ್ಟು 9. ಒತ್ತು, ಗುಣಿತಗಳೂ ಪ್ರತ್ಯೇಕ ಸಂಕೇತಗಳು. 'ಯಕ್ಷಗಾನ' ಎಂಬುದು ನಮಗೆ ನಾಲ್ಕು ಅಕ್ಷರ, ಗಣಕಕ್ಕೆ 7 ಸಂಕೇತ, ವಿಳಾಸದಲ್ಲಿ 63 ಚಿಹ್ನೆ. ವರ್ಡ್‌ಪ್ರೆಸ್ ಇದಕ್ಕೆ ಮೀಸಲಿಟ್ಟ ಜಾಗ 200 ಚಿಹ್ನೆಗಳದ್ದು. 'ಕುಂಬಳೆ ಸೀಮೆಯ ಯಕ್ಷಗಾನ ಮೇಳಗಳು' ಎಂಬ ಶೀರ್ಷಿಕೆ 'ಮೇಳ' ಎಂಬಲ್ಲಿಗೆ ಕಡಿದುಹೋಗುತ್ತದೆ. ಅದೇ ಶೀರ್ಷಿಕೆಯಲ್ಲಿ ಭಾಗ ಒಂದು, ಭಾಗ ಎರಡು ಎಂದು ಬರೆದರೆ ಎರಡಕ್ಕೂ ಒಂದೇ ವಿಳಾಸವಾಗಿ, ಎರಡನೆಯದರ ಕೊನೆಗೆ ತಂತ್ರಾಂಶವೇ ಒಂದು ಅಂಕೆ ಸೇರಿಸುತ್ತದೆ. ಮೂರನೆಯ ಭಾಗವನ್ನು ಮೊದಲು ಪ್ರಕಟಿಸಿದರೆ ಅಂಕೆಗೂ ಭಾಗಕ್ಕೂ ಸಂಬಂಧವೇ ಉಳಿಯುವುದಿಲ್ಲ. ಪ್ರಕಟಿಸುವ ಮುನ್ನ ಪ್ರತಿ ಲೇಖನಕ್ಕೂ ಚಿಕ್ಕದಾದ ಇಂಗ್ಲಿಷ್ ಅಕ್ಷರದ ವಿಳಾಸವನ್ನು ನೀವೇ ಬರೆಯಿರಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸ ಹಾಗಿದ್ದರೆ ಕನ್ನಡಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಅರ್ಧ ಪರದೆ ತುಂಬುವ ಶೇಕಡಾ ಚಿಹ್ನೆಗಳ ಸಾಲು ತಪ್ಪುತ್ತದೆ.

ಆದರೆ ಈಗಾಗಲೇ ಪ್ರಕಟವಾದ ಲೇಖನಗಳ ವಿಳಾಸವನ್ನು ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಲೇಬೇಕು. ಮನೆ ಬದಲಿಸಿದವರ ಕಾಗದವನ್ನು ಅಂಚೆಯವರು ಹೊಸ ವಿಳಾಸ ಬರೆದು ಮುಂದೆ ಕಳುಹಿಸುವ ಹಾಗೆಯೇ ಇದು. ಬ್ಲಾಗರಿನಿಂದ ಆಮದು ಮಾಡುವ ಪ್ಲಗಿನ್ (ವರ್ಡ್‌ಪ್ರೆಸ್ಸಿಗೆ ಸೇರಿಸುವ ಉಪತಂತ್ರಾಂಶ) ಪ್ರತಿ ಲೇಖನದ ಹಳೆಯ ವಿಳಾಸವನ್ನೂ ಒಳಗೆ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಆಧರಿಸಿ ಮರುನಿರ್ದೇಶನಗಳನ್ನು ಒಟ್ಟಿಗೆ ಮಾಡಬಹುದು, ಕೈಯಲ್ಲಿ ಒಂದೊಂದಾಗಿ ಬರೆಯಬೇಕಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ವಿಳಾಸದಿಂದ ಹೊಸ ಡೊಮೈನಿಗೆ ಮರುನಿರ್ದೇಶಿಸಲು ಆ ಸಂಸ್ಥೆಗೆ ವಾರ್ಷಿಕ ಶುಲ್ಕ ಕಟ್ಟಬೇಕು. ಒಂದೆರಡು ವರ್ಷವಾದರೂ ಕಟ್ಟಿ. ಇಷ್ಟೆಲ್ಲ ಖರ್ಚಿನಲ್ಲಿ ಓದುಗರಿಗೆ ನೇರವಾಗಿ ಉಪಯೋಗವಾಗುವ ಖರ್ಚು ಇದೇ.

ಬಹಳ ಹಳೆಯ ಬರಹಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳೂ ಸಿಗುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಸಾಗಿಸುವ ಮೊದಲೇ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಅರ್ಕಾವೊತ್ತು ಬಂದ ಕಡೆಯಲ್ಲೆಲ್ಲ ಕಣ್ಣಾರೆ ಓದಿ. ದತ್ತಸಂಚಯವನ್ನು ಯೂನಿಕೋಡ್ ಅಕ್ಷರಗಳನ್ನೆಲ್ಲ ಹಿಡಿಯುವ ಯುಟಿಎಫ್8ಎಂಬಿ4 ಎಂಬ ಕ್ರಮದಲ್ಲೇ ತೆರೆಯಿರಿ. ಅದನ್ನು ಹಳೆಯ ಲ್ಯಾಟಿನ್ ಕ್ರಮದಲ್ಲಿ ತೆರೆದರೆ ಇಡೀ ಬರಹ ಪ್ರಶ್ನಾರ್ಥಕ ಚಿಹ್ನೆಗಳಾಗುವ ಅಪಾಯವಿದೆ. ಒಮ್ಮೆ ಪ್ರಶ್ನಾರ್ಥಕವಾಗಿ ದಾಖಲಾದ ಅಕ್ಷರ ಮರಳಿ ಬರುವುದಿಲ್ಲ.

ತಾಣದ ಹೊರನೋಟವನ್ನು ನಿರ್ಧರಿಸುವ ಥೀಮ್ ಆಯ್ಕೆಯಲ್ಲಿ ಹೆಚ್ಚು ದಿನ ಕಳೆಯಬೇಡಿ. ಸಾಲುಗಳ ನಡುವಿನ ಅಂತರ ಮಾತ್ರ ನೋಡಿ. ಇಂಗ್ಲಿಷಿಗೆಂದು ಮಾಡಿದ ಥೀಮುಗಳ ದೊಡ್ಡ ಶೀರ್ಷಿಕೆಗಳಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಮುಖಪುಟದಲ್ಲಿ ಲೇಖನದ ಸಾರಕ್ಕೆಂದು ವರ್ಡ್‌ಪ್ರೆಸ್ 55 ಪದ ತೋರಿಸುತ್ತದೆ, ನಮ್ಮ ಪದಗಳು ಉದ್ದವಾದ್ದರಿಂದ ಅದನ್ನು 30ಕ್ಕೆ ಇಳಿಸಿದರೆ ಸಾಕು. ಇಂತಹ ತಾಣಗಳಿಗೆ ಸಾಮಾನ್ಯ ಹಂಚಿಕೆಯ ಹೋಸ್ಟಿಂಗ್ ಧಾರಾಳವಾಯಿತು, ಪ್ರತ್ಯೇಕ ಸರ್ವರ್ ಬೇಡ. ಓದುಗರಿಗೂ ತಾಣಕ್ಕೂ ನಡುವಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಹಣ ಕೇಳುವವರಿಗೆ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ ಎಂದು ಹೇಳಿ.

ಸ್ವಂತ ತಾಣವೆಂದರೆ ಕಾವಲೂ ಸ್ವಂತದ್ದೇ. ವರ್ಡ್‌ಪ್ರೆಸ್, ಪ್ಲಗಿನ್, ಥೀಮ್ ಮೂರನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಬಳಸದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿದರೆ ಸಾಲದು, ತೆಗೆದುಹಾಕಬೇಕು. ಬ್ಯಾಕಪ್ ಎಂದರೆ ದತ್ತಸಂಚಯ ಮತ್ತು ಚಿತ್ರಗಳ ಕೋಶ ಎರಡೂ. ಅವು ಹೋಸ್ಟಿಂಗ್ ಸಂಸ್ಥೆಯ ಬಳಿ ಮಾತ್ರ ಇದ್ದರೆ, ಆ ಖಾತೆ ಹೋದ ದಿನ ಬ್ಯಾಕಪ್ ಕೂಡ ಹೋಗುತ್ತದೆ. ತಿಂಗಳಿಗೊಮ್ಮೆ ಮನೆಯ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಮುಖ್ಯ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿಡಿ, ಅದಕ್ಕೆ ಶುಲ್ಕವಿಲ್ಲ.

ಇದನ್ನು ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ? ಎಂಬತ್ತರ ಹತ್ತಿರದ ಹಿರಿಯರು ಬಂದು ಕೇಳಿದಾಗ, ಸ್ಥಳಾಂತರ ಬೇಡವೆಂದು ನಾನು ಹೇಳಿ ಕಳುಹಿಸಿದ್ದುಂಟು. ಬರೆದವರು ತೀರಿಕೊಂಡ ಮೇಲೂ ಉಚಿತ ಬ್ಲಾಗು ವರ್ಷಗಟ್ಟಲೆ ಉಳಿಯಬಹುದು. ಹೋಸ್ಟಿಂಗಿನ ಬಿಲ್ಲು ಕಟ್ಟದಿದ್ದರೆ ಸ್ವಂತ ತಾಣ ಅದೇ ವರ್ಷ ಮಾಯವಾಗುತ್ತದೆ. ಸ್ವಂತ ಡೊಮೈನ್ ಜೋಡಿಸಿದ ಬ್ಲಾಗರಿನಲ್ಲೂ ಹೆಸರಿನ ಅವಧಿ ಮುಗಿದರೆ ಓದುಗರು ಸತ್ತ ವಿಳಾಸಕ್ಕೆ ಹೋಗುತ್ತಾರೆ, ಯಾರಾದರೂ ಒಳಹೊಕ್ಕು ಆ ಜೋಡಣೆ ತೆಗೆಯಬೇಕು. ಉಚಿತದಲ್ಲೇ ಇರುವವರೂ ಒಂದು ವ್ಯವಸ್ಥೆ ಮಾಡಬೇಕು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಯಾವ ದತ್ತಾಂಶ ಕೊಡಬೇಕು ಎಂದು ಮೊದಲೇ ಬರೆದಿಡುವ ಅವಕಾಶವನ್ನೂ ಅದೇ ಕೊಡುತ್ತದೆ. ಬ್ಲಾಗರಿನಲ್ಲಿ ಇನ್ನೊಬ್ಬರನ್ನು ನಿರ್ವಾಹಕರಾಗಿ ಸೇರಿಸಬಹುದು. ಮೊಮ್ಮಗಳೋ ಶಿಷ್ಯನೋ ಆಗಬಹುದು, ಊರಿನ ಗ್ರಂಥಾಲಯದ ಕಾರ್ಯದರ್ಶಿಯಾದರೂ ಆಗಬಹುದು, ಒಟ್ಟಿನಲ್ಲಿ ಒಬ್ಬರು ಬೇಕು.

ಸ್ಥಳಾಂತರ ಮುಗಿಸಿ ಕೊಡುವಾಗ ನಾನು ಒಂದು ಹಾಳೆಯನ್ನು ಕನ್ನಡದಲ್ಲಿ ಮುದ್ರಿಸಿ ಕೈಗೆ ಕೊಡುತ್ತೇನೆ. ಡೊಮೈನ್ ಎಲ್ಲಿ ನೋಂದಣಿಯಾಗಿದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ, ಹೋಸ್ಟಿಂಗ್ ಯಾರದು, ಯಾವ ಮಿಂಚಂಚೆ ಕೊಟ್ಟಿದೆ, ಬ್ಯಾಕಪ್ ಎಲ್ಲಿದೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೆಲ್ಲ ಅದರಲ್ಲಿರುತ್ತದೆ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯುವುದಿಲ್ಲ. ಜಾಗದ ತೀರ್ವೆ ರಶೀದಿಗಳ ಕಡತದಲ್ಲಿ ಇದನ್ನು ಇಡಿ ಎನ್ನುತ್ತೇನೆ, ಮನೆಯವರು ವರ್ಷಕ್ಕೊಮ್ಮೆಯಾದರೂ ತೆರೆಯುವ ಕಡತ ಅದು. ಹಳೆಯ ಬ್ಲಾಗಿನಲ್ಲಿ ಹೊಸ ವಿಳಾಸ ತಿಳಿಸುವ ಕೊನೆಯ ಬರಹ ಹಾಕಿ ಹಾಗೆಯೇ ಬಿಡಬೇಕು. ಚಿತ್ರಗಳ ಪರೀಕ್ಷೆ ಪೂರ್ತಿ ಮುಗಿದು, ಹಳೆಯ ವಿಳಾಸಕ್ಕೆ ಬರುವವರು ನಿಂತುಹೋದರೆಂದು ಅಂಕಿ ಅಂಶಗಳ ಪುಟ ಹೇಳುವವರೆಗೆ ಅದನ್ನು ಅಳಿಸಬಾರದು.