ಆಲಿಕೆ ಸಭೆ ಕೆಡಿಸಿದ್ರೆ ಗೆದ್ದಂಗಲ್ಲ

ನಾನು ವಕೀಲ, ಧಾರವಾಡದಲ್ಲಿ ಪ್ರಾಕ್ಟೀಸು, ಪರಿಸರದ ಕೇಸ್ ಸ್ವಲ್ಪ ಜಾಸ್ತಿನೇ ನೋಡ್ತೀನಿ. ಊರ ಪಕ್ಕ ದೊಡ್ಡ ಮೈನಿಂಗ್ ಬರುತ್ತಂತೆ ಅಂತ ಜನ ನನ್ನ ಹತ್ರ ಬರೋದು ಯಾವಾಗ್ಲೂ ಲೇಟು. ಕೆಲವು ವರ್ಷದ ಹಿಂದೆ ಒಂದಿನ ಸಂಜೆ ಏಳೆಂಟು ಜನ ಟಂಟಂ ಮಾಡ್ಕೊಂಡು ಬಂದ್ರು, ಒಬ್ಬರ ಜೇಬಲ್ಲಿ ಪೇಪರ್ ಕಟಿಂಗು, ಮಡಚಿ ಮಡಚಿ ಗೆರೆ ಮೇಲೇ ಹರಿದಿತ್ತು. "ವಕೀಲ್ ಸಾಹೇಬ್ರ, ನಾಡಿದ್ದ ಮೀಟಿಂಗ್ ಐತ್ರಿ. ಶಾಮಿಯಾನಾ ಕಿತ್ತು ಒಗದು ಬರ್ತೇವಿ. ಮೀಟಿಂಗೇ ಆಗಲಿಲ್ಲಂದ್ರ ಕಂಪನಿ ಹೆಂಗ ಬರ್ತೈತ್ರಿ?"

ಬರುತ್ತೆ, ಅದೇ ಸಮಸ್ಯೆ.

ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡೋ ಮೊದಲು ಊರಿನವರ ಮಾತು ಕೇಳೋ ಈ ಆಲಿಕೆ ಸಭೆಗಳು ನಡೆಯೋದು 2006ರ ಸೆಪ್ಟೆಂಬರ್ 14ರ ಇಐಎ, ಅಂದ್ರೆ ಪರಿಸರ ಪರಿಣಾಮ ಅಂದಾಜು, ಅಧಿಸೂಚನೆ ಪ್ರಕಾರ. ಅದರಲ್ಲಿ ಯಾರೂ ಓದದ ಒಂದು ಮಾತಿದೆ, ಸ್ಥಳೀಯ ಪರಿಸ್ಥಿತಿ ನೋಡಿದ್ರೆ ಜನ ಮುಕ್ತವಾಗಿ ಮಾತಾಡೋ ಹಾಗೆ ಸಭೆ ನಡೆಸೋಕೆ ಆಗಲ್ಲ ಅಂತ ವರದಿ ಹೋದ್ರೆ, ಆ ಸಭೆಯನ್ನೇ ಕೈಬಿಟ್ಟು ಫೈಲ್ ಮುಂದೆ ಕಳಿಸೋ ಅವಕಾಶ ಮೇಲಿನವರಿಗಿದೆ. ಅಂದ್ರೆ ನೀವು ಕುರ್ಚಿ ಎಸೆದ ವಿಡಿಯೋನೇ ಅವರಿಗೆ ಕಾರಣ ಆಗಬಹುದು. ಬಹಿಷ್ಕಾರ ಹಾಕಿ ಮನೇಲಿ ಕೂತ್ರೂ ಅಷ್ಟೇ, ಈ ಸಭೆಗೆ ಇಷ್ಟು ಜನ ಇರ್ಲೇಬೇಕು ಅನ್ನೋ ಕೋರಂ ಇಲ್ಲ, ಮೂರೇ ಜನ ಬಂದ್ರೂ ಸಭೆ ಸಭೆನೇ, ಆ ಮೂರು ಜನ ಯಾರ ಗಾಡೀಲಿ ಬಂದ್ರು ಅಂತ ದಾಖಲೆ ಕೇಳಲ್ಲ.

ಇನ್ನೊಂದು ತಪ್ಪು ತಿಳುವಳಿಕೆ, ಇದು ಓಟು ಅಂತ. ಸಾವಿರ ಜನ ಕೈ ಎತ್ತಿ ಬೇಡ ಅಂದ್ರೆ ಯೋಜನೆ ಬಿತ್ತು ಅಂತ ತುಂಬಾ ಜನ ನಂಬ್ಕೊಂಡಿದ್ದಾರೆ. ನಿಯಮಗಿರಿ ಹೆಸರು ತೆಗೀತಾರೆ. ಒಡಿಶಾದ ನಿಯಮಗಿರಿ ಕತೆ ಬೇರೆ, ಅಲ್ಲಿ 2013ರ ಏಪ್ರಿಲ್ 18ಕ್ಕೆ ಸುಪ್ರೀಂ ಕೋರ್ಟು ಅರಣ್ಯ ಹಕ್ಕು ಕಾಯ್ದೆ ಇಟ್ಕೊಂಡು ಗ್ರಾಮಸಭೆನೇ ತೀರ್ಮಾನ ಮಾಡ್ಲಿ ಅಂದಿತ್ತು, ಆಮೇಲೆ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡ ಅಂದ್ವು. ನಮ್ಮ ಕಡೆ ಹೆಚ್ಚಿನ ಊರುಗಳಲ್ಲಿ ಆ ಕಾಯ್ದೆಯ ಹಕ್ಕುಪತ್ರಗಳೇ ಇರಲ್ಲ. ಇಲ್ಲಿ ಆಲಿಕೆ ಅಂದ್ರೆ ನಿಮ್ಮ ಆಕ್ಷೇಪಣೆ ದಾಖಲಾಗೋದು, ಅದಕ್ಕೆ ಕಂಪನಿ ಉತ್ತರ ಬರೀಬೇಕು, ಅದನ್ನ ತಜ್ಞರ ಸಮಿತಿ ನೋಡ್ಬೇಕು, ನಾಳೆ ಹಸಿರು ನ್ಯಾಯಮಂಡಳಿಗೆ ಹೋದಾಗ ನಾನು ಫೈಲ್ ತೆಗೆದು ತೋರ್ಸೋದೂ ಅದನ್ನೇ. "ಜಮೀನು ಬಿಡಲ್ಲ, ಜೀವ ಬಿಡ್ತೀವಿ" ಅನ್ನೋ ಮಾತಿಗೆ ಚಪ್ಪಾಳೆ ಬರುತ್ತೆ, ಉತ್ತರ ಬರಲ್ಲ. "ಕಂಪನಿಯ ಪರಿಸರ ವರದೀಲಿ ಪುಟ ಇಷ್ಟರಲ್ಲಿ ನಮ್ಮ ಹಳ್ಳ ಯಾಕಿಲ್ಲ" ಅಂದ್ರೆ ಉತ್ತರ ಬರೀಲೇಬೇಕು.

ಹಾಗಾಗಿ ಅವತ್ತು ಆ ಏಳೆಂಟು ಜನರನ್ನ ಕೂರಿಸ್ಕೊಂಡು ರಾತ್ರಿ ಹನ್ನೊಂದರ ತನಕ ವರದಿ ಓದಿದ್ವಿ. ಸಭೆಗೆ ಕಮ್ಮಿ ಅಂದ್ರೂ 30 ದಿನ ಮೊದಲು ನೋಟಿಸ್ ಕೊಟ್ಟು, ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ ಇಂಥ ಕಡೆ ಕರಡು ವರದಿ ಇಟ್ಟಿರ್ಬೇಕು, ಇಟ್ಟಿದ್ರು ಕೂಡ, ಯಾರೂ ಹೋಗಿ ಕೇಳಿರ್ಲಿಲ್ಲ ಅಷ್ಟೇ. ಕನ್ನಡ ಸಾರಾಂಶ ಅಂತೂ ಯಾರೋ ಮಷೀನಿಗೆ ಹಾಕಿ ತೆಗೆದಂಗಿತ್ತು. ಅದಿರಿನ ಮೇಲಿಂದ ತೆಗೆದು ಗುಡ್ಡೆ ಹಾಕೋ ಮಣ್ಣುಕಲ್ಲಿಗೆ ಇಂಗ್ಲಿಷಲ್ಲಿ ಓವರ್‌ಬರ್ಡನ್ ಅಂತಾರಲ್ಲ, ಅದು "ಅತಿಯಾದ ಹೊರೆ" ಆಗಿತ್ತು. "ಅತಿಯಾದ ಹೊರೆಯನ್ನು ಪಶ್ಚಿಮ ದಿಕ್ಕಿನಲ್ಲಿ ಇಡಲಾಗುವುದು." ಒಬ್ಬ ಹಿರಿಯರು ಕೇಳಿದ್ರು, "ಯಾರ ತಲಿ ಮ್ಯಾಲ್ರಿ?" ಎಲ್ಲರೂ ನಕ್ಕರು, ಆದ್ರೆ ಮ್ಯಾಪ್ ತೆಗೆದು ನೋಡಿದ್ರೆ ಆ ಡಂಪ್ ಬರೋ ಜಾಗ ನಿಜವಾಗ್ಲೂ ಅವರ ಹೊಲದ ಮೇಲ್ಗಡೆ ಇಳಿಜಾರು.

ಇನ್ನೂ ಮುಖ್ಯ, ನೀರು. ವರದಿಗೆ ಬೇಕಾದ ಗಾಳಿ ನೀರಿನ ಅಳತೆಯನ್ನ ಮಳೆಗಾಲ ಬಿಟ್ಟು ಒಂದು ಸೀಸನ್ ಮಾಡಿದ್ರೆ ಸಾಕು. ಮಾರ್ಚಿಂದ ಮೇ ತನಕ ಅಳೆಯೋಕೆ ಬಂದವನಿಗೆ ನಮ್ಮ ಹಳ್ಳಗಳೆಲ್ಲ ಒಣಗಿದ ಕಲ್ಲುಹಾದಿ, ಅವನು ಹಾಗೇ ಬರೀತಾನೆ, ಸುಳ್ಳೂ ಅಲ್ಲ. ಆ ಊರಿನ ಗುಡ್ಡದ ಬುಡದಲ್ಲಿ ಒಂದು ಒರತೆ ಇದೆ, ಬೋರ್ ಕೈಕೊಟ್ಟಾಗ ದನ ಅಲ್ಲಿಗೇ ಹೋಗೋದು, ವರದೀಲಿ ಅದರ ಹೆಸರೇ ಇರ್ಲಿಲ್ಲ. ಮರುದಿನ ಹುಡುಗರು ಹೋಗಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೆದ್ರು, ಎಷ್ಟು ಮನೆ, ಎಷ್ಟು ದನ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದ್ರು. ನನ್ನ ಹತ್ತು ಪುಟದ ಅರ್ಜಿಗಿಂತ ಆ ಒಂದು ಹಾಳೆ ವಜನದ್ದು ಅಂತ ನಾನೇ ಒಪ್ಕೋತೀನಿ.

ಹಾಗಂತ ಬೀದಿಗಿಳಿಯೋದು ದಂಡ ಅಂತ ನಾನು ಹೇಳ್ತಿಲ್ಲ, ಪಕ್ಕದ ಗದಗ ಜಿಲ್ಲೆನೇ ಸಾಕ್ಷಿ. ಕಪ್ಪತಗುಡ್ಡದಲ್ಲಿ ಚಿನ್ನದ ಗಣಿ ಬೇಡ ಅಂತ ಜನ ಎದ್ದಿದ್ದು ಸುಮ್ನೆ ಅಲ್ಲ, ಚಿನ್ನ ಅಂದ್ರೆ ಒಂದು ಟನ್ ಕಲ್ಲು ಪುಡಿ ಮಾಡಿದ್ರೆ ಸಿಗೋದು ಕೆಲವೇ ಗ್ರಾಂ, ಉಳಿದಿದ್ದೆಲ್ಲ ಚಿನ್ನ ಬಿಡಿಸೋಕೆ ಹಾಕಿದ ಸಯನೈಡ್ ವಿಷ ತಾಗಿದ ಪುಡಿ, ಅದು ಅಲ್ಲೇ ಇರ್ಬೇಕು. 2015ರ ಡಿಸೆಂಬರಲ್ಲಿ ಸರ್ಕಾರ ಗುಡ್ಡವನ್ನ ಸಂರಕ್ಷಣಾ ಮೀಸಲು ಅಂತ ಘೋಷಿಸ್ತು, 2016ರ ನವೆಂಬರಲ್ಲಿ ತಾನೇ ವಾಪಸ್ ತಗೊಂಡ್ತು. 2017ರ ಫೆಬ್ರವರೀಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಗದಗದಲ್ಲಿ ಧರಣಿ ಆಯ್ತು, ಏಪ್ರಿಲಲ್ಲಿ ಮೀಸಲು ಮತ್ತೆ ಬಂತು. ಸ್ವಾಮೀಜಿ 2018ರ ಅಕ್ಟೋಬರಲ್ಲಿ ಲಿಂಗೈಕ್ಯರಾದ್ರು, ಮುಂದಿನ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯ್ತು, ಅದನ್ನ ನೋಡೋಕೆ ಅವರಿರ್ಲಿಲ್ಲ. ನೋಡಿ, ಸರ್ಕಾರದ ಮನಸ್ಸು ಬದಲಾಯಿಸಿದ್ದು ಧರಣಿ, ಆದ್ರೆ ಇವತ್ತಿಗೂ ಗುಡ್ಡವನ್ನ ಹಿಡ್ಕೊಂಡಿರೋದು ಆ ಗೆಜೆಟ್ ಕಾಗದ. ಧಾಮದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿ ಇಲ್ಲ ಅಂತ 2023ರ ಏಪ್ರಿಲಲ್ಲೂ ಸುಪ್ರೀಂ ಕೋರ್ಟು ಹೇಳಿದೆ.

ಊರೆಲ್ಲ ಒಂದೇ ಕಡೆ ಇರುತ್ತೆ ಅನ್ನೋದೂ ಪೇಪರ್ ಮಾತು. ಟಿಪ್ಪರ್ ತಗೊಳ್ಳೋಕೆ ಲೋನ್ ವಿಚಾರಿಸಿ ಬಂದವನು ಅದೇ ಓಣಿಯವನು, ಅವನ ಮೇಲೆ ಕೂಗಾಡಿ ಏನುಪಯೋಗ? ಅವನೂ ಸಭೇಲಿ ಎದ್ದು ಪರ್ಮನೆಂಟ್ ಕೆಲಸ ಎಷ್ಟು, ಕಾಂಟ್ರಾಕ್ಟ್ ಎಷ್ಟು ಅಂತ ಕೇಳ್ಲಿ, ಅದೂ ದಾಖಲಾಗ್ಲಿ.

ಸಭೆ ದಿನ ಶಾಮಿಯಾನಾ ಯಾರೂ ಕೀಳ್ಲಿಲ್ಲ. ಬೆಳಗ್ಗೆ ಅಷ್ಟು ಜನ, ಊಟ ಆದ್ಮೇಲೆ ಅರ್ಧ ಖಾಲಿ, ಸಂಜೆ ಹಾಲು ಹಿಂಡೋ ಹೊತ್ತಿಗೆ ಹತ್ತು ಹದಿನೈದು ಜನ. ಅಸಲಿ ಹೊತ್ತು ಅದೇ, ಕೊನೆಗೆ ನಡಾವಳಿಯನ್ನ ಕನ್ನಡದಲ್ಲಿ ಓದಿ ಹೇಳಿ ಆಮೇಲೆ ಸಹಿ ಆಗ್ಬೇಕು ಅಂತ ನಿಯಮ ಇದೆ. ಓದಿದ್ರು. "ಸಾರ್ವಜನಿಕರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು." ಒಂದೇ ಸಾಲು. ಹಿಂದಿನ ಸಾಲಿಂದ ಒಬ್ಬ ಅವ್ವ ಎದ್ದು ನಿಂತ್ರು, "ಆತಂಕ ಅಂತ ಯಾರ್ ಅಂದ್ರಿ? ಒರತಿ ಅಂದೀನಿ ನಾ. ನನ್ನ ಮಾತು ಬರೀರಿ." ಅಧಿಕಾರಿ ವಿಡಿಯೋದವನ ಕಡೆ ಒಂದ್ಸಲ ನೋಡಿದ್ರು, ಕ್ಯಾಮೆರಾ ಇನ್ನೂ ಓಡ್ತಿತ್ತು. ಪೆನ್ ತಗೊಂಡು ಟೈಪ್ ಮಾಡಿದ್ದ ಸಾಲಿನ ಪಕ್ಕ ಮಾರ್ಜಿನ್ನಲ್ಲಿ ಒರತೆ ಹೆಸರು, ಸರ್ವೆ ನಂಬರು ಕೈಬರಹದಲ್ಲಿ ಸೇರಿಸಿದ್ರು. ಅದರ ಸರ್ಟಿಫೈಡ್ ಕಾಪಿ ಈಗ ನನ್ನ ಫೈಲಲ್ಲಿ ಮೊದಲ ಹಾಳೆ.